ಗಂಟುನೋವಿದ್ದವರು ವ್ಯಾಯಾಮ ಆರಂಭಿಸುವುದು ಹೇಗೆ?

ನಮ್ಮ ಧರ್ಮಕೇಂದ್ರಗಳಲ್ಲಿ ಐವತ್ತು ದಾಟಿದ ಇಬ್ಬರು ಎದುರುಬದುರಾದರೆ ಮಾತು ಬೇಗನೆ ಮೊಣಗಂಟಿನ ನೋವಿಗೆ ಬಂದು ನಿಲ್ಲುತ್ತದೆ. ಒಬ್ಬರಿಗೆ ಮೆಟ್ಟಿಲು ಇಳಿಯುವಾಗ ನೋವು, ಇನ್ನೊಬ್ಬರಿಗೆ ನೆಲದಿಂದ ಏಳುವಾಗ. ಕೊನೆಗೆ ಇಬ್ಬರೂ ಹೇಳುವುದು ಒಂದೇ ಮಾತು: "ಇನ್ನು ಹೆಚ್ಚು ನಡೆಯಬಾರದು, ಇದ್ದ ಕಾಲನ್ನು ಉಳಿಸಿಕೊಳ್ಳಬೇಕು." ಕೇಳಲು ವಿವೇಕದ ಮಾತಿನಂತಿರುವ ಈ ತೀರ್ಮಾನವೇ ಅನೇಕರನ್ನು ಮನೆಯೊಳಗೆ ಕೂರಿಸುತ್ತದೆ. ಮೊದಲು ಪೇಟೆಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ನೆರೆಮನೆಗೆ, ಕೊನೆಗೆ ಭಾನುವಾರದ ಪೂಜೆಗೂ ಬರಲಾಗುವುದಿಲ್ಲ. ಇವೆಲ್ಲವನ್ನೂ ಕಸಿದುಕೊಂಡದ್ದು ನೋವೊಂದೇ ಅಲ್ಲ, ನೋವಿನ ಭಯವೂ ಹೌದು ಎಂಬುದನ್ನು ನಾವು ಗಮನಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 52.8 ಕೋಟಿ ಜನರಿಗೆ ಆಸ್ಟಿಯೊ ಆರ್ಥ್ರೈಟಿಸ್, ಅಂದರೆ ನಾವು ಸಾಮಾನ್ಯವಾಗಿ 'ಸವೆತ' ಎಂದು ಕರೆಯುವ ಸಂಧಿವಾತ ಇತ್ತು. ಅವರಲ್ಲಿ ಶೇಕಡಾ 60ರಷ್ಟು ಮಂದಿ ಸ್ತ್ರೀಯರು. ಅತಿ ಹೆಚ್ಚು ಬಾಧೆಗೊಳಗಾಗುವ ಕೀಲು ಮೊಣಕಾಲು. ಈ ಲೇಖನದಲ್ಲಿ ನಾವು ಮುಖ್ಯವಾಗಿ ಮೊಣಗಂಟಿನ ನೋವಿರುವವರು ವ್ಯಾಯಾಮವನ್ನು ಹೇಗೆ ಆರಂಭಿಸಬಹುದು ಎಂಬುದನ್ನು ತಿಳಿಸುತ್ತೇವೆ. ಸೊಂಟ, ಭುಜ ಮತ್ತು ಸ್ನಾಯುಗಳ ದೀರ್ಘಕಾಲದ ನೋವಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಸವೆದ ಯಂತ್ರವಲ್ಲ, ಜೀವಂತ ಕೀಲು

'ಸವೆತ' ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಸೈಕಲ್ಲಿನ ಬೇರಿಂಗ್ ಹೆಚ್ಚು ಓಡಿದಷ್ಟೂ ಸವೆಯುತ್ತದೆ, ಆದ್ದರಿಂದ ಮೊಣಕಾಲೂ ಹಾಗೆಯೇ ಎಂದು ನಾವು ಭಾವಿಸುತ್ತೇವೆ. ಆದರೆ ಕೀಲು ಜೀವಂತ ಅಂಗ. ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ನಾವು ಹೆಜ್ಜೆಯಿಟ್ಟಾಗ ಮೃದ್ವಸ್ಥಿ ಸ್ಪಂಜಿನಂತೆ ಒತ್ತಲ್ಪಟ್ಟು, ಹೆಜ್ಜೆ ಎತ್ತಿದಾಗ ಮತ್ತೆ ಆ ದ್ರವವನ್ನು ಹೀರಿಕೊಳ್ಳುತ್ತದೆ. ಚಲನೆಯೇ ಇಲ್ಲದಿದ್ದರೆ ಈ ಪೋಷಣೆ ಕುಗ್ಗುತ್ತದೆ.

ಎರಡನೆಯ ಕಾರಣ ಸ್ನಾಯುಗಳಿಗೆ ಸಂಬಂಧಿಸಿದ್ದು. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮೊಣಕಾಲಿಗೆ ಆಧಾರ. ನೋವಿನಿಂದಾಗಿ ನಡೆಯುವುದನ್ನು ಕಡಿಮೆ ಮಾಡಿದರೆ ಮೊದಲು ಸೊರಗುವುದು ಇದೇ ಸ್ನಾಯು. ಅದು ಸೊರಗಿದರೆ ಮೆಟ್ಟಿಲು ಇಳಿಯುವಾಗ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ನೋವು ಹೆಚ್ಚುತ್ತದೆ, ನಡಿಗೆ ಮತ್ತಷ್ಟು ಕಡಿಮೆಯಾಗುತ್ತದೆ. ಈ ಸುತ್ತು ಎಲ್ಲಾದರೂ ತುಂಡಾಗಬೇಕಾದರೆ ಅದು ಸ್ನಾಯುವಿನ ಬಲದಿಂದಲೇ.

ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಕ್ಕೆ ಬರುವ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ಚಿತ್ರದಲ್ಲಿ ಬಹಳ ಸವೆತ ಕಂಡರೂ ಆರಾಮವಾಗಿ ನಡೆಯುವವರಿದ್ದಾರೆ, ಅಲ್ಪ ಸವೆತಕ್ಕೇ ತುಂಬ ನೋವುಣ್ಣುವವರೂ ಇದ್ದಾರೆ. ಮೂರು ತಿಂಗಳು ಮೀರಿದ ನೋವಿನಲ್ಲಿ ನರಮಂಡಲ ಹೆಚ್ಚು ಸೂಕ್ಷ್ಮವಾಗಿರಬಹುದು. ನಿದ್ರೆ, ಚಿಂತೆ, ಒಂಟಿತನ, ಹಿಂದಿನ ಗಾಯದ ನೆನಪು ಇವೆಲ್ಲವೂ ಅದರಲ್ಲಿ ಪಾಲು ಪಡೆಯುತ್ತವೆ. ನೋವು ಸುಳ್ಳೆಂದು ಇದರರ್ಥವಲ್ಲ. ನೋವು ಬಂದಾಗಲೆಲ್ಲ ಕೀಲಿಗೆ ಹಾನಿಯಾಗುತ್ತಿದೆ ಎಂದು ಹೆದರಬೇಕಾಗಿಲ್ಲ ಎಂದಷ್ಟೇ ಅರ್ಥ. ನೋವಿಲ್ಲದೆ ಬರುವ ಕಟಕಟ ಸದ್ದಿಗೂ ಇದೇ ಮಾತು.

ವ್ಯಾಯಾಮದಿಂದ ಎಷ್ಟು ಲಾಭ?

ಈ ಪ್ರಶ್ನೆಗೆ ಪ್ರಾಮಾಣಿಕವಾಗಿಯೇ ಉತ್ತರಿಸಬೇಕು. ವ್ಯಾಯಾಮ ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವುದಿಲ್ಲ. ಮೊಣಕಾಲಿನ ವ್ಯಾಯಾಮದ ಕುರಿತು ಕಾಕ್ರೇನ್ ಸಂಸ್ಥೆ 2015ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ನೋವು ಇಳಿಯುವುದೂ ಓಡಾಟ ಸುಧಾರಿಸುವುದೂ ಕಂಡುಬಂತು. 2024ರಲ್ಲಿ ಇನ್ನೂ ಹೆಚ್ಚು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಲಾಭ ಇದೆ, ಆದರೆ ಸರಾಸರಿಯಾಗಿ ಅದು ಸಾಧಾರಣ ಮಟ್ಟದ್ದು ಎಂದು ತಿಳಿಯಿತು. ಅಂದರೆ ಕೆಲವರಿಗೆ ಬಹಳ ಉಪಯೋಗವಾಗುತ್ತದೆ, ಕೆಲವರಿಗೆ ಸ್ವಲ್ಪ. ಪವಾಡವನ್ನು ಯಾರೂ ನಿರೀಕ್ಷಿಸಬಾರದು.

ಹಾಗಿದ್ದರೂ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಕಾಯಿಲೆಯ ಎಲ್ಲ ರೋಗಿಗಳಿಗೂ ಮೊದಲು ವ್ಯಾಯಾಮವನ್ನೇ ಸೂಚಿಸಬೇಕು ಎನ್ನುತ್ತದೆ. ಅದೇ ಮಾರ್ಗಸೂಚಿ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುವ ಗ್ಲುಕೋಸಮೈನ್ ಮಾತ್ರೆಗಳನ್ನು ಕೊಡಬಾರದೆಂದೂ ಹೇಳುತ್ತದೆ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ತೊಂದರೆ. ವ್ಯಾಯಾಮಕ್ಕೆ ಖರ್ಚಿಲ್ಲ. ಅದರಿಂದ ರಕ್ತದೊತ್ತಡ, ಮಧುಮೇಹ, ನಿದ್ರೆ, ಮನಸ್ಸಿನ ಉತ್ಸಾಹ ಇವೆಲ್ಲಕ್ಕೂ ಒಳ್ಳೆಯದಾಗುತ್ತದೆ. ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವೂ ಕಡಿಮೆಯಾಗುತ್ತದೆ.

ಮೈಭಾರ ಹೆಚ್ಚಿರುವವರು ಇನ್ನೊಂದು ವಿಷಯ ತಿಳಿದಿರಲಿ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ದೇಹದ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಹೊರೆ ಸುಮಾರು 4 ಕಿಲೋದಷ್ಟು ಇಳಿಯುತ್ತದೆ. ಎರಡು ಮೂರು ಕಿಲೋ ಇಳಿಸಿದರೂ ಮೊಣಕಾಲಿಗೆ ಅದು ದೊಡ್ಡ ಸಹಾಯವೇ.

ಮೊದಲು ವೈದ್ಯರನ್ನು ಕಾಣಬೇಕಾದವರು

ಎಲ್ಲ ಗಂಟುನೋವೂ ಸವೆತದಿಂದ ಬಂದದ್ದಲ್ಲ. ಕೆಳಗಿನ ಲಕ್ಷಣಗಳಿದ್ದರೆ ವ್ಯಾಯಾಮ ಆರಂಭಿಸುವ ಮೊದಲು ವೈದ್ಯರಿಗೆ ತೋರಿಸಬೇಕು.

- ಕೀಲು ಕೆಂಪಾಗಿ, ಬಿಸಿಯಾಗಿ ಊದಿಕೊಂಡಿದ್ದರೆ. ಜೊತೆಗೆ ಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.
- ಬೆಳಿಗ್ಗೆ ಎದ್ದಾಗ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಇದ್ದು, ಕೈಬೆರಳಿನ ಗಂಟುಗಳು ಊದಿಕೊಳ್ಳುತ್ತಿದ್ದರೆ. ಇದು ರುಮಟಾಯ್ಡ್ ಸಂಧಿವಾತ ಇರಬಹುದು. ಅದಕ್ಕೆ ಬೇರೆಯೇ ಔಷಧಿಗಳಿವೆ, ತಡ ಮಾಡಿದಷ್ಟೂ ಕೀಲಿಗೆ ಹಾನಿ.
- ಬಿದ್ದ ನಂತರ ಕಾಲೂರಲು ಆಗದಿದ್ದರೆ.
- ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ.
- ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಅಥವಾ ವಿಶ್ರಾಂತಿಯಲ್ಲೂ ರಾತ್ರಿಯಿಡೀ ನೋವು ಬಿಡದಿದ್ದರೆ.
- ಬೆನ್ನುನೋವಿನೊಂದಿಗೆ ಕಾಲು ಮರಗಟ್ಟಿ, ಮೂತ್ರ ಅಥವಾ ಮಲ ಹಿಡಿತ ತಪ್ಪಿದರೆ. ಇದು ತುರ್ತು ಸ್ಥಿತಿ.

ಹೃದಯದ ಕಾಯಿಲೆ ಇರುವವರು, ನಡೆಯುವಾಗ ಎದೆ ಹಿಡಿಯುವವರು ಎಷ್ಟು ವ್ಯಾಯಾಮ ಮಾಡಬಹುದೆಂದು ವೈದ್ಯರನ್ನು ಕೇಳಿಯೇ ತೊಡಗಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ದೂರ ನಡೆಯಬಾರದು. ಕಿಸೆಯಲ್ಲಿ ಸ್ವಲ್ಪ ಬೆಲ್ಲವೋ ಸಕ್ಕರೆಯೋ ಇರಲಿ. ಪ್ರತಿದಿನ ಪಾದಗಳನ್ನು ಪರೀಕ್ಷಿಸಿಕೊಳ್ಳಿ.

ಚಿಕೂನ್‌ಗುನ್ಯ ಉಳಿಸಿದ ನೋವು

ಈ ಜ್ವರ 2006ರಲ್ಲಿ ರಾಜ್ಯದ ಅನೇಕ ಜಿಲ್ಲೆಗಳನ್ನು ಕಾಡಿತು. 2008ರಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಮನೆಮಂದಿಯೆಲ್ಲ ಮಲಗಿದ್ದನ್ನು ನಮ್ಮ ಓದುಗರು ಮರೆತಿರಲಾರರು. ಜ್ವರ ವಾರದಲ್ಲಿ ಇಳಿದರೂ ಕೆಲವರಲ್ಲಿ ಗಂಟುನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಜ್ವರವಿರುವಾಗ ವಿಶ್ರಾಂತಿಯೇ ಬೇಕು. ಜ್ವರ ಇಳಿದ ಮೇಲೆ ಕೀಲುಗಳನ್ನು ದಿನಕ್ಕೆ ಕೆಲವು ಬಾರಿ ಮೆಲ್ಲನೆ ಮಡಚಿ ನೀಡುವುದರಿಂದ ತೊಡಗಿ ನಿಧಾನವಾಗಿ ಮುಂದುವರಿಯಬೇಕು. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ ಎಂಬ ಸ್ಥಿತಿಗೂ ಇದೇ ನಿಧಾನದ ದಾರಿ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು 2017ರಲ್ಲಿ ಈ ಸ್ಥಿತಿಯ ವಿವಿಧ ಚಿಕಿತ್ಸೆಗಳನ್ನು ತೂಗಿ ನೋಡಿ, ಬಲವಾದ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ.

ನೋವಿನ ಅಳತೆಗೋಲು

ಹೊಸದಾಗಿ ವ್ಯಾಯಾಮ ತೊಡಗಿದವರು ಬಿಟ್ಟುಬಿಡುವುದು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಆರಂಭದಲ್ಲಿ ನೋವು ಸ್ವಲ್ಪ ಹೆಚ್ಚಬಹುದು, ಇದು ನಿರೀಕ್ಷಿತ. ಅಭ್ಯಾಸವಿಲ್ಲದ ಸ್ನಾಯುಗಳು ಮರುದಿನದಿಂದ ಎರಡು ಮೂರು ದಿನ ಜುಂ ಎನ್ನುವುದೂ ಸಹಜ. ಯಾವ ನೋವು ಸಹಜ, ಯಾವುದು ಅಲ್ಲ ಎಂದು ತಿಳಿಯಲು ಒಂದು ಸುಲಭ ಅಳತೆಗೋಲಿದೆ. ಡೆನ್ಮಾರ್ಕಿನಲ್ಲಿ 2013ರಲ್ಲಿ ಆರಂಭವಾಗಿ ಈಗ ಹಲವು ದೇಶಗಳಿಗೆ ಹಬ್ಬಿರುವ 'ಗ್ಲಾಡ್' ಎಂಬ ಮೊಣಕಾಲು ವ್ಯಾಯಾಮ ಕ್ರಮದಲ್ಲಿ ಇದನ್ನು ಬಳಸುತ್ತಾರೆ. ಅಲ್ಲಿ ರೋಗಿಗಳಿಗೆ ಕಾಯಿಲೆಯ ಕುರಿತು ತಿಳಿವಳಿಕೆ ಕೊಟ್ಟು, ವಾರಕ್ಕೆ ಎರಡರಂತೆ ಆರು ವಾರಗಳಲ್ಲಿ 12 ತರಗತಿ ನಡೆಸಲಾಗುತ್ತದೆ.

ನೋವೇ ಇಲ್ಲದಿದ್ದರೆ 0, ತಡೆಯಲಾರದ ನೋವಿಗೆ 10 ಅಂಕ ಎಂದಿಟ್ಟುಕೊಳ್ಳಿ.

- 0ರಿಂದ 2: ನಿಶ್ಚಿಂತೆಯಿಂದ ಮುಂದುವರಿಸಬಹುದು.
- 3ರಿಂದ 5: ಒಪ್ಪಿಕೊಳ್ಳಬಹುದಾದ ನೋವು. ಮುಂದುವರಿಸಬಹುದು.
- 5ಕ್ಕಿಂತ ಹೆಚ್ಚು: ಮಾಡುತ್ತಿರುವುದನ್ನು ನಿಲ್ಲಿಸಿ. ಮುಂದಿನ ಸಲ ಕಡಿಮೆ ಬಾರಿ, ಅಥವಾ ಇನ್ನೂ ಸುಲಭವಾದ ರೀತಿಯಲ್ಲಿ ಮಾಡಿ.

ಇದರೊಂದಿಗೆ ಮರುದಿನ ಇದೇ ಹೊತ್ತಿಗೆ ಒಮ್ಮೆ ನೋಡಿಕೊಳ್ಳಬೇಕು. 24 ಗಂಟೆಯೊಳಗೆ ಕೀಲಿನ ನೋವು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಅಳತೆ ಸರಿಯಾಗಿದೆ. ಇಳಿಯದಿದ್ದರೆ ಸ್ವಲ್ಪ ಹೆಚ್ಚಾಯಿತು ಎಂದರ್ಥ. ಬಿಟ್ಟುಬಿಡಬೇಡಿ, ಕಡಿಮೆ ಮಾಡಿ.

ಮನೆಯಲ್ಲೇ ಮಾಡಬಹುದಾದ ಆರು ವ್ಯಾಯಾಮಗಳು

ಗಟ್ಟಿಯಾದ, ಚಕ್ರವಿಲ್ಲದ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ ಇಟ್ಟುಕೊಳ್ಳಿ. ಉಸಿರು ಕಟ್ಟಬೇಡಿ. ಜೋರಾಗಿ ಎಣಿಸಿದರೆ ಉಸಿರು ತಾನಾಗಿಯೇ ಆಡುತ್ತದೆ.

1. ಬೈರಾಸು ಒತ್ತುವುದು. ಮಂಚದ ಮೇಲೆ ಕಾಲು ನೀಡಿ ಕುಳಿತು, ಬೈರಾಸನ್ನು ಸುರುಳಿ ಸುತ್ತಿ ಮೊಣಕಾಲಿನ ಅಡಿಗೆ ಇಡಿ. ಮೊಣಕಾಲಿನಿಂದ ಅದನ್ನು ಕೆಳಕ್ಕೆ ಒತ್ತಿ 5 ಎಣಿಸಿ ಬಿಡಿ. ಪ್ರತಿ ಕಾಲಿಗೆ 10 ಬಾರಿ. ತುಂಬ ನೋವಿರುವವರೂ ಇದರಿಂದ ತೊಡಗಬಹುದು.

2. ಕುಳಿತು ಕಾಲು ನೀಡುವುದು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಒಂದು ಕಾಲನ್ನು ಮುಂದಕ್ಕೆ ನೀಡಿ ನೇರ ಮಾಡಿ. 5 ಎಣಿಸಿ ಮೆಲ್ಲನೆ ಇಳಿಸಿ. ಪ್ರತಿ ಕಾಲಿಗೆ 10 ಬಾರಿ.

3. ಕುರ್ಚಿಯಿಂದ ಏಳುವುದು. ಕೈಯೂರದೆ ಎದ್ದು ನಿಂತು, ಮೆಲ್ಲನೆ ಕುಳಿತುಕೊಳ್ಳಿ. ಕಷ್ಟವಾದರೆ ಕುರ್ಚಿಯ ಮೇಲೆ ತಲೆದಿಂಬು ಇಟ್ಟು ಎತ್ತರ ಮಾಡಿ, ಅಥವಾ ಮೊದಮೊದಲು ಕೈಯೂರಿ. 5 ಬಾರಿಯಿಂದ ತೊಡಗಿ 10ಕ್ಕೆ ಏರಿಸಿ. ಆರರಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಮಂಚದಿಂದ, ಬಸ್ಸಿನ ಸೀಟಿನಿಂದ, ಶೌಚಾಲಯದಲ್ಲಿ ಏಳಲು ಬೇಕಾದ ಬಲ ಇದೇ.

4. ಹಿಮ್ಮಡಿ ಎತ್ತುವುದು. ಕಿಟಕಿಯ ಸರಳನ್ನೋ ಅಡುಗೆಮನೆಯ ಕಟ್ಟೆಯನ್ನೋ ಹಿಡಿದು ಮುಂಗಾಲಿನ ಮೇಲೆ ಎದ್ದು ಇಳಿಯಿರಿ. 10 ಬಾರಿ.

5. ಕಾಲನ್ನು ಪಕ್ಕಕ್ಕೆ ಎತ್ತುವುದು. ಹಾಗೆಯೇ ಹಿಡಿದು ನಿಂತು, ಮೈ ಬಾಗಿಸದೆ ಒಂದು ಕಾಲನ್ನು ಪಕ್ಕಕ್ಕೆ ಸ್ವಲ್ಪ ಎತ್ತಿ ಇಳಿಸಿ. ಪ್ರತಿ ಕಾಲಿಗೆ 10 ಬಾರಿ. ಇದು ಸೊಂಟದ ಪಕ್ಕದ ಸ್ನಾಯುಗಳಿಗೆ.

6. ಸಮತೋಲನ. ಒಂದು ಪಾದದ ಮುಂದೆ ಇನ್ನೊಂದನ್ನು ಹಿಮ್ಮಡಿ ತಾಗುವಂತೆ ಇಟ್ಟು 10 ಎಣಿಸಿ. ಹಿಡಿಯಲು ಆಸರೆ ಹತ್ತಿರವೇ ಇರಲಿ.

ಹನ್ನೆರಡು ವಾರಗಳ ಕ್ರಮ

ಮೊದಲ ಎರಡು ವಾರ: 1, 2 ಮತ್ತು 3ನೇ ವ್ಯಾಯಾಮ ಮಾತ್ರ, ದಿನ ಬಿಟ್ಟು ದಿನ. ಜೊತೆಗೆ ಪ್ರತಿದಿನ 5ರಿಂದ 10 ನಿಮಿಷ ಸಮತಟ್ಟಾದ ಜಾಗದಲ್ಲಿ ನಡಿಗೆ. ಒಂದೇ ಸಲ 10 ನಿಮಿಷ ಆಗದಿದ್ದರೆ 5 ನಿಮಿಷದಂತೆ ಎರಡು ಸಲ.

ಮೂರರಿಂದ ಆರನೇ ವಾರ: ಆರೂ ವ್ಯಾಯಾಮಗಳು, ವಾರಕ್ಕೆ 2ರಿಂದ 3 ದಿನ. ನಡಿಗೆಗೆ ವಾರಕ್ಕೆ 2ರಿಂದ 3 ನಿಮಿಷ ಸೇರಿಸುತ್ತ ಹೋಗಿ.

ಏಳರಿಂದ ಹನ್ನೆರಡನೇ ವಾರ: ಪ್ರತಿ ವ್ಯಾಯಾಮವನ್ನು ಎರಡು ಸುತ್ತು. ನಡಿಗೆಯನ್ನು 20ರಿಂದ 30 ನಿಮಿಷಕ್ಕೆ ಏರಿಸಿ. ಮಾತನಾಡಲು ಆಗಬೇಕು, ಹಾಡಲು ಆಗಬಾರದು: ವೇಗ ಅಷ್ಟಿರಲಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಚಟುವಟಿಕೆ, ಎರಡು ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕು. ಹಿರಿಯರು ವಾರಕ್ಕೆ ಮೂರು ದಿನ ಸಮತೋಲನದ ವ್ಯಾಯಾಮವನ್ನೂ ಸೇರಿಸಿಕೊಳ್ಳಬೇಕು. 150 ಎಂಬ ಅಂಕಿ ಕಂಡು ಎದೆಗುಂದಬೇಡಿ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಒಳ್ಳೆಯದು ಎಂದು ಅದೇ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಹಳೆಯ ನೋವು ನಡುವೆ ಕೆಲವು ದಿನ ಕೆರಳುವುದುಂಟು. ಆಗ ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿ, ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ, ಎರಡು ಮೂರು ದಿನ ಕಳೆದು ಮತ್ತೆ ಏರಿಸಿ. ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಲು ಹೋಗಿ ಮೂರು ದಿನ ಮಲಗುವುದು ಬಹಳ ಮಂದಿಯ ಅಭ್ಯಾಸ. ಒಳ್ಳೆಯ ದಿನವೂ ಅಳತೆ ಮೀರದಿರಿ.

ನಮ್ಮ ಮನೆ, ನಮ್ಮ ಕೆಲಸ, ನಮ್ಮ ಮಳೆ

ಬೀಡಿ ಕಟ್ಟುವ, ಅಡಿಕೆ ಸುಲಿಯುವ, ಮೆಟ್ಟುಕತ್ತಿಯ ಮೇಲೆ ಕುಳಿತು ತರಕಾರಿ, ಮೀನು ಕೊಯ್ಯುವ ಸ್ತ್ರೀಯರು ಗಂಟೆಗಟ್ಟಲೆ ಕಾಲು ಮಡಚಿ ನೆಲದ ಮೇಲಿರುತ್ತಾರೆ. ಸಾಧ್ಯವಿದ್ದಲ್ಲಿ ಎತ್ತರದ ಮಣೆ ಅಥವಾ ಮೇಜು ಬಳಸಿ. ಸಾಧ್ಯವಿಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಬನ್ನಿ.

ಮಳೆಗಾಲದಲ್ಲಿ ಪಾಚಿ ಹಿಡಿದ ಕೆಂಪುಕಲ್ಲಿನ ಮೆಟ್ಟಿಲು, ಒದ್ದೆ ಅಂಗಳ ಬಹಳ ಅಪಾಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಗಲಿಯಲ್ಲೋ ಚಾವಡಿಯಲ್ಲೋ ನಡೆಯಿರಿ. ಬೇಸಗೆಯಲ್ಲಿ ಸೆಕೆಗೆ ಮೊದಲು, ಬೆಳಗ್ಗೆಯೇ ಮುಗಿಸಿ, ನೀರು ಕುಡಿಯಿರಿ. ಸಮುದ್ರತೀರದಲ್ಲಿ ನಡೆಯುವವರು ಕಾಲು ಹೂಳುವ ಒಣಮರಳಿನ ಬದಲು ತೆರೆ ಇಳಿದ ಗಟ್ಟಿ ಮರಳನ್ನು ಆರಿಸಿಕೊಳ್ಳಲಿ. ಸವೆದ ರಬ್ಬರ್ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವ, ಜಾರದ ಪಾದರಕ್ಷೆ ಬೇಕು.

ಊರುಗೋಲು ಹಿಡಿಯಲು ನಾಚಿಕೆ ಬೇಡ. ಆದರೆ ಅದನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಮನೆಯವರಿಗೂ ಧರ್ಮಕೇಂದ್ರದವರಿಗೂ

"ಅಮ್ಮಾ, ನೀವು ಸುಮ್ಮನೆ ಕುಳಿತುಕೊಳ್ಳಿ, ನಾವು ಮಾಡುತ್ತೇವೆ" ಎನ್ನುವ ಮಕ್ಕಳು, ಸೊಸೆಯಂದಿರು ನಮ್ಮ ಮನೆಗಳಲ್ಲಿ ಅನೇಕರಿದ್ದಾರೆ. ಅವರ ಪ್ರೀತಿ ದೊಡ್ಡದು. ಆದರೆ ಒಂದೊಂದೇ ಕೆಲಸವನ್ನು ಕೈಯಿಂದ ತೆಗೆದುಕೊಂಡರೆ ಹಿರಿಯರ ಕಾಲಿನ ಬಲವೂ, ಮನೆಯಲ್ಲಿ ತಾನು ಬೇಕಾದವಳು ಎಂಬ ಭಾವನೆಯೂ ಒಟ್ಟಿಗೆ ಹೋಗುತ್ತವೆ. ಭಾರ ಹೊರುವ, ಜಾರುವ ಜಾಗದ ಕೆಲಸ ನೀವು ಮಾಡಿ. ಹೂ ಕೊಯ್ಯುವುದು, ಕೋಳಿಗೆ ಅಕ್ಕಿ ಹಾಕುವುದು, ಬಟ್ಟೆ ಮಡಚುವುದು ಅವರಿಗೇ ಇರಲಿ. ಸಂಜೆ ಹತ್ತು ನಿಮಿಷ ಜೊತೆಗೆ ನಡೆಯಿರಿ.

ಮೊಣಕಾಲೂರಲಾಗದೆ ಪೂಜೆಯಲ್ಲಿ ಸಂಕೋಚಪಡುವ ಹಿರಿಯರಿಗೆ ಒಂದು ಮಾತು. ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಾವಳಿಯ 43ನೇ ವಿಧಿಯೇ ಅನಾರೋಗ್ಯವಿರುವವರಿಗೆ ಇದರಿಂದ ವಿನಾಯಿತಿ ಕೊಟ್ಟಿದೆ. ಅರ್ಪಣೆಯ ವಾಕ್ಯಗಳ ನಂತರ ಗುರುಗಳು ಮೊಣಕಾಲೂರಿ ವಂದಿಸುವಾಗ ಆಳವಾಗಿ ಬಾಗಿ ವಂದಿಸಿದರೆ ಸಾಕು. ನೋವು ನುಂಗಿಕೊಂಡು ನೆಲಕ್ಕೂರುವ ಅಗತ್ಯವಿಲ್ಲ, ಅದಕ್ಕಾಗಿ ಪೂಜೆ ತಪ್ಪಿಸುವ ಅಗತ್ಯವಂತೂ ಇಲ್ಲವೇ ಇಲ್ಲ.

ವಾಳೆಯ ಗುರಿಕಾರರು, ಸ್ತ್ರೀ ಸಂಘಟನೆಯವರು ಮನಸ್ಸು ಮಾಡಿದರೆ ಇನ್ನೊಂದು ಕೆಲಸ ಸಾಧ್ಯ. ಧರ್ಮಕೇಂದ್ರದ ಸಭಾಂಗಣದಲ್ಲಿ ಕುರ್ಚಿಗಳಿವೆ, ನೆಲ ಸಮತಟ್ಟಾಗಿದೆ, ಮಳೆ ಬೀಳುವುದಿಲ್ಲ. ವಾರಕ್ಕೆ ಎರಡು ದಿನ ಬೆಳಗಿನ ಪೂಜೆಯ ಬಳಿಕ 20 ನಿಮಿಷ ಹಿರಿಯರು ಅಲ್ಲಿ ಒಟ್ಟಿಗೆ ಈ ವ್ಯಾಯಾಮಗಳನ್ನು ಮಾಡಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ದಾದಿಯರಿಗೆ ಕೊರತೆಯಿಲ್ಲ, ಫಿಸಿಯೊಥೆರಪಿ ಓದಿದ ಯುವಜನರೂ ಇದ್ದಾರೆ. ಮೊದಲ ಕೆಲವು ದಿನ ಅವರೊಬ್ಬರು ನಿಂತು ತಿದ್ದಿದರೆ ಬಹಳ ಉಪಕಾರ. ಒಬ್ಬರೇ ಮಾಡುವ ವ್ಯಾಯಾಮ ಬೇಗ ನಿಲ್ಲುತ್ತದೆ. ಬಾರದಿದ್ದರೆ ವಿಚಾರಿಸುವವರು ಇದ್ದಾಗ ಅದು ನಡೆದುಕೊಂಡು ಹೋಗುತ್ತದೆ.

ಮನೆಯಲ್ಲಿ ಮಾಡಿ ಫಲ ಕಾಣದವರು, ಭಯವಿರುವವರು ಫಿಸಿಯೊಥೆರಪಿಸ್ಟರನ್ನು ಕಾಣಲಿ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಸಂಸ್ಥೆಯಲ್ಲಿ ಫಿಸಿಯೊಥೆರಪಿ ಕಾಲೇಜೇ ಇದೆ. ಯಂತ್ರದ ಶಾಖ ಮಾತ್ರ ಕೊಟ್ಟು ಕಳುಹಿಸಿದರೆ ಸಾಲದು, ಮನೆಯಲ್ಲಿ ಮಾಡುವ ವ್ಯಾಯಾಮವನ್ನು ಕಲಿಸಿಕೊಡಿ ಎಂದು ಕೇಳಿ ಪಡೆಯಿರಿ. ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದವರಿಗೂ ಈ ಶ್ರಮ ವ್ಯರ್ಥವಲ್ಲ. ತೊಡೆಯ ಸ್ನಾಯು ಗಟ್ಟಿಯಿದ್ದಷ್ಟೂ ಆಮೇಲೆ ಎದ್ದು ನಡೆಯುವುದು ಸುಲಭ.

ಕೊನೆಯದಾಗಿ, ಫಲವನ್ನು ನೋವಿನಿಂದ ಮಾತ್ರ ಅಳೆಯಬೇಡಿ. ನಿಮಗೆ ಬೇಕಾದ ಒಂದು ಕೆಲಸವನ್ನು ಆರಿಸಿಕೊಳ್ಳಿ: ಬಾವಿಕಟ್ಟೆಯ ತನಕ ಹೋಗುವುದು, ಬಸ್ಸು ಹತ್ತುವುದು, ಮೊಮ್ಮಗುವನ್ನು ಶಾಲೆಯಿಂದ ಕರೆತರುವುದು. ಕುರ್ಚಿಯಿಂದ ಕೈಯೂರದೆ ಎಷ್ಟು ಬಾರಿ ಏಳಬಲ್ಲಿರಿ ಎಂದು ಇವತ್ತೇ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆರು ವಾರ ಕಳೆದು ಮತ್ತೆ ಎಣಿಸಿ. ನೋವು ಪೂರ್ತಿ ಹೋಗಿರದಿದ್ದರೂ ಆ ಸಂಖ್ಯೆ ಏರಿದ್ದರೆ ನಿಮ್ಮ ಕಾಲುಗಳಿಗೆ ಬಲ ಬಂದಿದೆ ಎಂದೇ ತಿಳಿಯಿರಿ.